ತಾಯಿಯಾಗುವವಳಿಗೆ: ಸ್ಕ್ಯಾನಿಂಗ್ ಹೇಳಿದ್ದನ್ನು ಎಷ್ಟು ನಂಬಬೇಕು?



ನಿಮ್ಮ ಓಣಿಯ ಸೊಸೆಯೊಬ್ಬಳಿಗೆ ಐದು ತಿಂಗಳು ಅಂತ ಇಟ್ಟುಕೊಳ್ಳಿ. ಸೇಡಂನಿಂದ ಕಲಬುರಗಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದಿದ್ದಾಳೆ. ಕೈಯಲ್ಲಿರುವ ಕಾಗದದಲ್ಲಿ ಇಂಗ್ಲಿಷಿನಲ್ಲಿ ಏನೇನೋ ಬರೆದಿದೆ. ಮಗುವಿನ ಎದೆಗೂಡಿನೊಳಗೆ ಜಠರದ ಚೀಲ ಕಾಣುತ್ತಿದೆ, 'ಡಯಾಫ್ರಾಮ್ಯಾಟಿಕ್ ಹರ್ನಿಯಾ' ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. "ಮಷೀನು ಹೇಳೋದೆಲ್ಲ ಖರೇ ಇರೋದಿಲ್ಲ, ಸುಮ್ಮನಿರು" ಎಂದು ಅತ್ತೆ. "ಮಷೀನು ಎಲ್ಲಿಯಾದರೂ ಸುಳ್ಳು ಹೇಳ್ತದೇನು? ಇನ್ನು ಆಸೆ ಬಿಟ್ಟುಬಿಡ್ರಿ" ಎಂದು ಬಂದುಹೋಗುವ ನೆಂಟರು. ಆ ಹುಡುಗಿ ಯಾರ ಮಾತು ಕೇಳಬೇಕು?

ಎರಡು ಮಾತಿನಲ್ಲೂ ಸ್ವಲ್ಪ ನಿಜವಿದೆ, ಎರಡನ್ನೂ ಪೂರ್ತಿ ನಂಬಿದರೆ ಮಗುವಿಗೆ ಅಪಾಯವೂ ಇದೆ. ಸ್ಕ್ಯಾನಿಂಗ್ ಯಾವುದನ್ನು ಚೆನ್ನಾಗಿ ಹೇಳಬಲ್ಲದು, ಯಾವುದನ್ನು ಅಂದಾಜಿನಲ್ಲಿ ಮಾತ್ರ ಹೇಳುತ್ತದೆ ಎಂಬುದನ್ನು ಈ ಸಲ ನೋಡೋಣ. ಈ ತೊಂದರೆ ನಿಮ್ಮ ಮನೆಗೆ ಎಂದೂ ಬಾರದಿರಲಿ. ಆದರೂ ಓದಿಡಿ, ನೆರೆಹೊರೆಯ ಯಾರಿಗಾದರೂ ಬೇಕಾದೀತು.

ಏನಿದು ತೊಂದರೆ?

ನಮ್ಮ ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಬಾಗಿದ ಒಂದು ತೆಳು ಮಾಂಸದ ಪರದೆ ಇದೆ. ಇದಕ್ಕೆ ವಪೆ ಎಂದು ಹೆಸರು. ನಾವು ಉಸಿರೆಳೆದಾಗ ಕೆಳಗಿಳಿಯುವುದು, ಬಿಟ್ಟಾಗ ಮೇಲೇರುವುದು ಇದೇ. ಗರ್ಭದ ಮೂರನೇ ತಿಂಗಳು ಮುಗಿಯುವುದರೊಳಗೆ ಈ ಪರದೆ ಪೂರ್ತಿಯಾಗಿ ಕೂಡಿಕೊಳ್ಳಬೇಕು. ಕೆಲವು ಶಿಶುಗಳಲ್ಲಿ ಅದು ಕೂಡಿಕೊಳ್ಳದೆ ಒಂದು ಕಿಂಡಿ ಉಳಿದುಬಿಡುತ್ತದೆ. ಆ ಕಿಂಡಿಯಿಂದ ಕರುಳು, ಜಠರ, ಕೆಲವೊಮ್ಮೆ ಲಿವರಿನ ಭಾಗವೂ ಮೇಲೇರಿ ಎದೆಯಲ್ಲಿ ಜಾಗ ಹಿಡಿಯುತ್ತವೆ. ಸುಮಾರು 2,500ರಿಂದ 3,000 ಹೆರಿಗೆಗಳಲ್ಲಿ ಒಂದು ಮಗುವಿಗೆ ಹೀಗಾಗುತ್ತದೆ. ನೂರಕ್ಕೆ ಸುಮಾರು 85ರಲ್ಲಿ ಕಿಂಡಿ ಇರುವುದು ಎಡಗಡೆ.

ಕಿಂಡಿಯನ್ನು ಹೊಲಿಯಬಹುದು. ನಿಜವಾದ ಕಷ್ಟ ಶ್ವಾಸಕೋಶದ್ದು. ಚಿಕ್ಕ ಕುಂಡದಲ್ಲಿ ಎರಡು ಸಸಿ ನೆಟ್ಟರೆ ಒಂದು ಮುರುಟಿಕೊಳ್ಳುತ್ತದಲ್ಲವೇ? ಹಾಗೆಯೇ ಎದೆಯಲ್ಲಿ ಜಾಗ ಸಾಲದೆ ಶ್ವಾಸಕೋಶಗಳು ಬೆಳೆಯದೆ ಉಳಿಯುತ್ತವೆ, ಅವುಗಳ ರಕ್ತನಾಳಗಳೂ ಬಿಗಿಯಾಗಿರುತ್ತವೆ. ತಾಯಿಯ ಹೊಟ್ಟೆಯಲ್ಲಿರುವಷ್ಟು ಕಾಲ ಮಗುವಿಗೆ ತೊಂದರೆಯಿಲ್ಲ, ಉಸಿರನ್ನೂ ತಾಯಿಯೇ ಕೊಡುತ್ತಿರುತ್ತಾಳೆ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಿಂದ ಕಷ್ಟ ಶುರು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಗ್ರಹಣದ ಹೊತ್ತಿನಲ್ಲಿ ತರಕಾರಿ ಹೆಚ್ಚಿದ್ದಕ್ಕೆ, ಕೊಡ ಹೊತ್ತಿದ್ದಕ್ಕೆ, ತೊಗರಿ ಹೊಲಕ್ಕೆ ಹೋದದ್ದಕ್ಕೆ ಹೀಗಾಗುವುದಿಲ್ಲ. ಬಹಳ ಮಂದಿಗೆ ತಾನು ಬಸುರಿ ಎಂದು ಗೊತ್ತಾಗುವ ಹೊತ್ತಿಗೇ ಆ ಪರದೆಯ ಕೆಲಸ ಅರ್ಧ ಮುಗಿದಿರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇದು ಮನೆತನದಲ್ಲಿ ಯಾರಿಗೂ ಇಲ್ಲದೆ ಬರುತ್ತದೆ. ಬೇರೆ ನ್ಯೂನತೆ ಇಲ್ಲದಿದ್ದರೆ ಮುಂದಿನ ಮಗುವಿಗೆ ಮತ್ತೆ ಬರುವ ಸಂಭವ ನೂರಕ್ಕೆ ಎರಡರ ಆಸುಪಾಸು ಅಷ್ಟೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ಅದನ್ನು ಡಾಕ್ಟರಿಗೆ ತಪ್ಪದೆ ತಿಳಿಸಿ. ಒಳಸಂಬಂಧಗಳಲ್ಲಿ ಹೆಚ್ಚಾಗಿ ಕಾಣುವ ಕೆಲವು ವಂಶವಾಹಿ ರೋಗಗಳಲ್ಲಿ ಈ ಕಿಂಡಿಯೂ ಒಂದು ಲಕ್ಷಣ. ಆದರೆ ಸೊಸೆಯನ್ನು ಬಯ್ಯುವುದಕ್ಕೆ ಇದರಲ್ಲಿ ಯಾವ ಕಾರಣವೂ ಇಲ್ಲ.

ಗಡಿಗೆ ಬಡಿದು ನೋಡಿದಂತೆ

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಾವು ಬೆರಳಿನಿಂದ ಬಡಿದು ನೋಡ್ತೇವೆ. ಶಹಾಬಾದಿನ ಪರಸಿ ಹಾಸುವವರೂ ಕಲ್ಲು ಬಡಿದು ಕಿವಿಗೊಡುತ್ತಾರೆ. ಒಳಗೆ ಬಿರುಕಿದ್ದರೆ ಸದ್ದು ಬೇರೆ. ಸ್ಕ್ಯಾನಿಂಗ್ ಯಂತ್ರ ಮಾಡುವುದೂ ಅದನ್ನೇ. ನಮ್ಮ ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಸದ್ದನ್ನು ಒಳಗೆ ಕಳಿಸಿ, ತಿರುಗಿ ಬಂದ ಮಾರ್ದನಿಯಿಂದ ಚಿತ್ರ ಬರೆಯುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹೆರಿಗೆ ವೈದ್ಯ ಇಯಾನ್ ಡೊನಾಲ್ಡ್ ಅವರು 1955ರಲ್ಲಿ, ಬಾಯ್ಲರಿನ ಕಬ್ಬಿಣದಲ್ಲಿ ಬಿರುಕು ಹುಡುಕುವ ಯಂತ್ರವನ್ನು ನೋಡಿ ಇದನ್ನು ಹೆಂಗಸರ ಹೊಟ್ಟೆಯ ಪರೀಕ್ಷೆಗೆ ಬಳಸಲು ಹೊರಟರು. ಅವರೂ ಸಂಗಡಿಗರೂ ಬರೆದ ಮೊದಲ ವರದಿ ಅಚ್ಚಾದದ್ದು 1958ರಲ್ಲಿ. ಇದರಲ್ಲಿ ಎಕ್ಸ್‌ರೇ ಕಿರಣ ಇಲ್ಲ. ಆದ್ದರಿಂದ ಡಾಕ್ಟರು ಹೇಳಿದ ಸ್ಕ್ಯಾನಿಂಗಿಗೆ ಹೆದರಬೇಕಾಗಿಲ್ಲ.

ಎಡಗಡೆ ಕಿಂಡಿಯಿದ್ದರೆ ಗುರುತು ಸಾಮಾನ್ಯವಾಗಿ ಸ್ಪಷ್ಟ. ಜಠರದಲ್ಲಿ ನೀರು ತುಂಬಿರುವುದರಿಂದ ಅದು ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಹೊಟ್ಟೆಯಲ್ಲಿರಬೇಕಾದ ಆ ಕಪ್ಪು ಗುಳ್ಳೆ ಹೃದಯದ ಪಕ್ಕದಲ್ಲೇ ಕೂತಿರುತ್ತದೆ, ಹೃದಯ ಬಲಕ್ಕೆ ಸರಿದಿರುತ್ತದೆ. ಕೈಪಳಗಿದವರು 18ರಿಂದ 20ನೇ ವಾರದೊಳಗೆ ಇದನ್ನು ಗುರುತಿಸಬಲ್ಲರು.

ಹಾಗಾದರೆ ತಪ್ಪಿಹೋಗುವುದು ಏಕೆ?

ತಪ್ಪಿಹೋಗುವುದು ಉಂಟು, ಅದೂ ದೊಡ್ಡ ದೇಶಗಳಲ್ಲಿಯೇ. ಯುರೋಪಿನ ದಾಖಲೆಗಳಲ್ಲಿ ಇಂತಹ ಮೂರು ಮಕ್ಕಳಲ್ಲಿ ಸುಮಾರು ಎರಡರ ವಿಷಯ ಮಾತ್ರ ಹುಟ್ಟುವ ಮುಂಚೆ ಗೊತ್ತಾಗಿದೆ. ಕಾರಣಗಳು ಹಲವು.

ಕಿಂಡಿ ಬಲಗಡೆ ಇದ್ದರೆ ಮೇಲೇರುವುದು ಲಿವರ್. ಚಿತ್ರದಲ್ಲಿ ಲಿವರೂ ಶ್ವಾಸಕೋಶವೂ ಹೆಚ್ಚುಕಡಿಮೆ ಒಂದೇ ಬಣ್ಣ. ಜೋಳದ ಹಿಟ್ಟಿನಲ್ಲಿ ಗೋಧಿ ಹಿಟ್ಟು ಬೆರೆತರೆ ಕಣ್ಣಿಗೆ ತಿಳಿಯುವುದಿಲ್ಲವಲ್ಲ, ಹಾಗೆ. ಲಿವರಿನ ರಕ್ತನಾಳಗಳ ಹರಿವನ್ನು ಬೇರೆಯಾಗಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಇನ್ನು ಕೆಲವು ಮಕ್ಕಳಲ್ಲಿ ಕಿಂಡಿ ಇದ್ದರೂ ಕರುಳು ಮೇಲೇರುವುದು ತಡವಾಗಿ. ಐದನೇ ತಿಂಗಳಿನಲ್ಲಿ "ಎಲ್ಲ ಸರಿ ಇದೆ" ಎಂದು ಬರೆದ ಡಾಕ್ಟರು ಸುಳ್ಳು ಬರೆದಿರುವುದಿಲ್ಲ, ಆ ದಿನ ಕಾಣುವಂಥದ್ದು ಏನೂ ಇರಲಿಲ್ಲ. ಮಗು ಮಲಗಿದ ಭಂಗಿ, ತಾಯಿಯ ಹೊಟ್ಟೆಯ ಕೊಬ್ಬು, ಯಂತ್ರದ ಗುಣ, ನೋಡುವವರ ಅನುಭವ, ಇವೂ ಲೆಕ್ಕಕ್ಕೆ ಬರುತ್ತವೆ.

ಇದರ ವಿರುದ್ಧವೂ ಆಗಬಹುದು. ಶ್ವಾಸಕೋಶದಲ್ಲೇ ಹುಟ್ಟಿದ ನೀರುಗುಳ್ಳೆಗಳು ಜಠರದಂತೆ ಕಂಡಾವು. ಪರದೆ ತೂತಾಗದೆ ಬರಿದೇ ಸಡಿಲಾಗಿ ಮೇಲಕ್ಕೆ ಉಬ್ಬಿದ್ದರೂ ಹರ್ನಿಯಾ ಎಂಬ ಅನುಮಾನ ಬಂದೀತು. ಈ ತೊಂದರೆಗಳ ಮುಂದಿನ ದಾರಿಯೇ ಬೇರೆ. ಆದ್ದರಿಂದ ಮೊದಲ ಕಾಗದ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಗರ್ಭದ ಶಿಶುವಿನ ಪರೀಕ್ಷೆಯಲ್ಲೇ ವಿಶೇಷ ಪರಿಣತಿ ಇರುವವರಿಂದ ಇನ್ನೊಮ್ಮೆ ನೋಡಿಸಿ. ಇದು ಮೊದಲ ಡಾಕ್ಟರಿಗೆ ಅವಮಾನವಲ್ಲ, ಬಹಳ ಸಲ ಅವರೇ ಚೀಟಿ ಬರೆದುಕೊಡುತ್ತಾರೆ.

ನಾಲ್ಕಾಣೆ, ಎಂಟಾಣೆ ಲೆಕ್ಕ

ಕಿಂಡಿ ಇರುವುದು ಖಚಿತವಾದ ಮೇಲೆ ಒಂದು ಅಂಕಿ ಹೇಳುತ್ತಾರೆ. ಮನೆಯವರ ಎದೆ ಒಡೆಯುವುದು ಈ ಅಂಕಿಯಿಂದಲೇ. ಅದರ ಅರ್ಥ ತಿಳಿದುಕೊಳ್ಳಿ. ಕಿಂಡಿ ಇರುವ ಬದಿಯ ಶ್ವಾಸಕೋಶವನ್ನು ಬಿಟ್ಟು ಇನ್ನೊಂದು ಬದಿಯದನ್ನು ಅಳೆಯುತ್ತಾರೆ. ಅದನ್ನು ತಲೆಯ ಸುತ್ತಳತೆಗೆ ಹೋಲಿಸುತ್ತಾರೆ. ಈ ಲೆಕ್ಕ ಶುರುವಾದದ್ದು 1996ರಲ್ಲಿ. ವಾರ ಕಳೆದಂತೆ ಶ್ವಾಸಕೋಶ ತಲೆಗಿಂತ ಬೇಗ ಬೆಳೆಯುವುದರಿಂದ, ಅದೇ ವಾರದ ಆರೋಗ್ಯವಂತ ಶಿಶುವಿನೊಡನೆ ಹೋಲಿಸಿ ಶೇಕಡಾವಾರು ಹೇಳುವ ಪದ್ಧತಿ 2007ರಲ್ಲಿ ಬಂತು.

ನಮ್ಮ ಹಳೆಯ ಕಾಸಿನ ಲೆಕ್ಕದಲ್ಲಿ ಹೇಳೋಣ. ಆರೋಗ್ಯವಂತ ಶಿಶುವಿನದು ಪೂರ್ತಿ ಒಂದು ರೂಪಾಯಿ. ಈ ಶಿಶುವಿನದು ನಾಲ್ಕಾಣೆಗಿಂತ, ಅಂದರೆ 25 ಪೈಸೆಗಿಂತ ಕಡಿಮೆಯಿದ್ದರೆ ತೀವ್ರ. 45ಕ್ಕಿಂತ ಮೇಲಿದ್ದರೆ ಸೌಮ್ಯ. ನಡುವಿನದು ಮಧ್ಯಮ. ಲಿವರ್ ಎದೆಗೆ ಏರಿದೆಯೋ ಇಲ್ಲವೋ ಎಂಬುದನ್ನೂ ಜೊತೆಗೆ ಸೇರಿಸಿ ನೋಡುತ್ತಾರೆ. ಏರಿದ್ದರೆ ಕಷ್ಟ ಹೆಚ್ಚು.

ಈ ಅಳತೆ ಎಷ್ಟು ನಾಜೂಕು ಗೊತ್ತೇ? ಚಿತ್ರದಲ್ಲಿ ಶ್ವಾಸಕೋಶ 15 ಮಿಲಿಮೀಟರ್ ಉದ್ದ, 12 ಮಿಲಿಮೀಟರ್ ಅಗಲ ಇದೆ ಅನ್ನಿ. ಗುಣಿಸಿದರೆ 180. ಇನ್ನೊಬ್ಬರು ಅಳೆದಾಗ ಎರಡೂ ಕಡೆ ಒಂದೊಂದೇ ಮಿಲಿಮೀಟರ್ ಹೆಚ್ಚು ಬಂತು ಅನ್ನಿ. 16ನ್ನು 13ರಿಂದ ಗುಣಿಸಿದರೆ 208! ಮೊದಲು 24 ಎಂದು ಬಂದಿದ್ದ ಅಂಕಿ ಈಗ 28ರ ಹತ್ತಿರ. ಮಗು ಅದೇ, ಆದರೆ 'ತೀವ್ರ'ದಿಂದ 'ಮಧ್ಯಮ'ಕ್ಕೆ ದಾಟಿಬಿಟ್ಟಿತು. ಉದ್ದ ಅಗಲ ಗುಣಿಸುವುದಕ್ಕಿಂತ ಶ್ವಾಸಕೋಶದ ಅಂಚನ್ನು ಸುತ್ತಲೂ ಗೆರೆ ಎಳೆದು ಅಳೆಯುವುದು ಹೆಚ್ಚು ಭರವಸೆಯ ವಿಧಾನ. ಒಂದೇ ದಿನದ ಅಳತೆಗಿಂತ ಕೆಲವು ವಾರಗಳ ಅಂತರದಲ್ಲಿ, ಒಂದೇ ಕಡೆ, ಒಂದೇ ವಿಧಾನದಲ್ಲಿ ತೆಗೆದ ಎರಡು ಮೂರು ಅಳತೆಗಳಿಗೆ ಬೆಲೆ ಹೆಚ್ಚು. ದೊಡ್ಡ ಕೇಂದ್ರಗಳಲ್ಲಿ ಎಂಆರ್‌ಐ ತೆಗೆದು ಶ್ವಾಸಕೋಶದ ಒಟ್ಟು ಗಾತ್ರವನ್ನೂ ಲಿವರಿನ ಜಾಗವನ್ನೂ ನೋಡುವುದುಂಟು.

ಅಂಕಿ ಮಗುವಿನ ಹಣೆಬರಹವೇ?

ಅಲ್ಲ. ಇದಕ್ಕೆ ಒಳ್ಳೆಯ ಪುರಾವೆ ಇದೆ. ಬೆಲ್ಜಿಯಂನ ಡಾ. ಯಾನ್ ಡೆಪ್ರೆಸ್ಟ್ ಅವರೂ ಹಲವು ದೇಶಗಳ ವೈದ್ಯರೂ ಸೇರಿ ಮಾಡಿದ ದೊಡ್ಡ ಪರೀಕ್ಷೆಯ ಫಲ 2021ರಲ್ಲಿ ಪ್ರಕಟವಾಯಿತು. ಗರ್ಭದಲ್ಲಿರುವಾಗಲೇ ಶಿಶುವಿನ ಶ್ವಾಸನಾಳದಲ್ಲಿ ಒಂದು ಪುಟ್ಟ ಬಲೂನು ಇಟ್ಟು, ಕೆಲವು ವಾರಗಳ ನಂತರ ತೆಗೆಯುವ ಚಿಕಿತ್ಸೆ ಅದು. ಶ್ವಾಸಕೋಶದಲ್ಲಿ ಹುಟ್ಟುವ ನೀರು ಹೊರಗೆ ಹೋಗದೆ ಅದನ್ನು ಹಿಗ್ಗಿಸಿ ಬೆಳೆಸಲಿ ಎಂಬ ಉದ್ದೇಶ. ಎಡಗಡೆ ಕಿಂಡಿಯಿದ್ದು 25ಕ್ಕಿಂತ ಕಡಿಮೆ ಅಂಕಿಯ 80 ಗರ್ಭಿಣಿಯರನ್ನು ಎರಡು ಗುಂಪು ಮಾಡಿದರು. ಬಲೂನು ಇಟ್ಟ 40ರಲ್ಲಿ 16 ಮಕ್ಕಳು ಬದುಕಿ ಮನೆಗೆ ಹೋದವು. ಬಲೂನು ಇಡದ 40ರಲ್ಲಿ 6. ಬಲೂನು ಇಟ್ಟವರಲ್ಲಿ ದಿನ ತುಂಬುವ ಮೊದಲೇ ನೀರು ಹೋಗಿ ಹೆರಿಗೆಯಾದದ್ದು ಬಹಳ ಹೆಚ್ಚು. ಹಾಗಾಗಿ ಇದು ಎಲ್ಲರಿಗೂ ಅಲ್ಲ, ಎಲ್ಲ ಕಡೆಯೂ ಅಲ್ಲ.

ಈ ಲೆಕ್ಕವನ್ನು ತಾಯಿಯ ಕಣ್ಣಿನಿಂದ ಒಮ್ಮೆ ನೋಡಿ. ಅಂಕಿ ತೀವ್ರ, ಬಲೂನೂ ಇಲ್ಲ, ಆದರೂ ಆರು ಮಕ್ಕಳು ತೊಟ್ಟಿಲು ಸೇರಿದವು. ಇನ್ನು ಮಧ್ಯಮ ಎಂಬ ಗುಂಪಿನಲ್ಲಿ, ಬಲೂನಿಲ್ಲದೆ ಹುಟ್ಟಿದವರಲ್ಲಿ ಬದುಕಿದ್ದು ಅರ್ಧದಷ್ಟು ಮಕ್ಕಳು ಮಾತ್ರ. ಹಾಗಾದರೆ ಅಂಕಿ ಸುಳ್ಳೇ? ಸುಳ್ಳಲ್ಲ. ನೂರು ಮಕ್ಕಳ ಗುಂಪಿನ ಬಗ್ಗೆ ಅದು ನಿಜ ಹೇಳುತ್ತದೆ. ನಿಮ್ಮ ಮಡಿಲಿನ ಒಂದು ಮಗು ಆ ನೂರರಲ್ಲಿ ಯಾವುದು ಎಂದು ಹೇಳಲು ಅದಕ್ಕೆ ಆಗದು. ಗಡಿಗೆ ಬಡಿದಾಗ ಬಿರುಕು ತಿಳಿದೀತು. ಒಲೆಯ ಮೇಲಿಟ್ಟಾಗ ಎಷ್ಟು ದಿನ ತಡೆದೀತು ಎಂದು ತಿಳಿಯದು.

ಇನ್ನೊಂದು ಮುಖ್ಯ ಸಂಗತಿ. ಅನುಭವವಿರುವ, ಒಳ್ಳೆಯ ಸೌಕರ್ಯದ ಕೇಂದ್ರಗಳಲ್ಲಿ ಜೀವಂತವಾಗಿ ಹುಟ್ಟಿದ ಇಂತಹ ಹತ್ತು ಮಕ್ಕಳಲ್ಲಿ ಸುಮಾರು ಏಳು ಉಳಿಯುತ್ತವೆ. ಪುಸ್ತಕದ ಅಂಕಿಗಳೆಲ್ಲ ಬಂದಿರುವುದು ಅಂಥ ಕೇಂದ್ರಗಳಿಂದ. ಉಸಿರಾಟದ ಯಂತ್ರವೂ ನವಜಾತ ಶಿಶುವಿನ ಶಸ್ತ್ರವೈದ್ಯರೂ ಇಲ್ಲದ ಕಡೆ ಹುಟ್ಟಿದರೆ, ಸೌಮ್ಯ ಅಂಕಿಯ ಮಗುವೂ ಕೈ ತಪ್ಪಬಹುದು. ಆದ್ದರಿಂದ ಅಂಕಿ ಎಷ್ಟೇ ಇರಲಿ, ಮನೆಯವರು ಮೊದಲು ತೀರ್ಮಾನಿಸಬೇಕಾದದ್ದು ಹೆರಿಗೆ ಎಲ್ಲಿ ಆಗಬೇಕು ಎಂಬುದನ್ನು.

ಡಾಕ್ಟರಿಗೆ ಏನೇನು ಕೇಳಬೇಕು?

ಕೇಳಲು ಸಂಕೋಚ ಬೇಡ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

1. ಕಿಂಡಿ ಎಡಗಡೆಯೋ ಬಲಗಡೆಯೋ?
2. ಲಿವರ್ ಮೇಲೇರಿದೆಯೇ?
3. ಶ್ವಾಸಕೋಶದ ಶೇಕಡಾವಾರು ಎಷ್ಟು? ಯಾವ ವಿಧಾನದಲ್ಲಿ ಅಳೆದಿರಿ? ಮತ್ತೆ ಯಾವಾಗ ಅಳೆಯುತ್ತೀರಿ?
4. ಹೃದಯದಲ್ಲಿ, ಬೇರೆ ಅಂಗಗಳಲ್ಲಿ ತೊಂದರೆ ಇದೆಯೇ? ಹತ್ತರಲ್ಲಿ ಮೂರು ನಾಲ್ಕು ಶಿಶುಗಳಲ್ಲಿ ಬೇರೆ ನ್ಯೂನತೆಯೂ ಇರುತ್ತದೆ. ಮುಂದಿನ ಮಾತೆಲ್ಲ ಬಹುಪಾಲು ಇದರ ಮೇಲೆ ನಿಂತಿದೆ.
5. ಗರ್ಭದ ನೀರು ತೆಗೆದು ವಂಶವಾಹಿ ಪರೀಕ್ಷೆ ಮಾಡಿಸಬೇಕೇ?
6. ಹೆರಿಗೆ ಎಲ್ಲಿ ಆಗಬೇಕು? ಅಲ್ಲಿ ಶಿಶುಗಳ ಶಸ್ತ್ರವೈದ್ಯರು ಇದ್ದಾರೆಯೇ?

ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ. 1994ರ ಕಾಯ್ದೆಯ ಪ್ರಕಾರ ಕೇಳುವುದೂ ಹೇಳುವುದೂ ಅಪರಾಧ.

ಕಾಲದ ಬೆಲೆಯನ್ನೂ ತಿಳಿದಿರಿ. ಗರ್ಭಪಾತದ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿದೆ. 20 ವಾರದವರೆಗೆ ಒಬ್ಬ ವೈದ್ಯರ, ಅಲ್ಲಿಂದ 24 ವಾರದವರೆಗೆ ನಿಯಮದಲ್ಲಿ ಹೇಳಿದ ಸಂದರ್ಭಗಳಲ್ಲಿ ಇಬ್ಬರ ಅಭಿಪ್ರಾಯ ಬೇಕು. ಶಿಶುವಿನಲ್ಲಿ ಗಂಭೀರ ನ್ಯೂನತೆ ಇದ್ದು 24 ವಾರ ದಾಟಿದ್ದರೆ ವೈದ್ಯಕೀಯ ಮಂಡಳಿ ನೋಡಿ ಹೇಳಬೇಕು. 18 ವರ್ಷ ತುಂಬಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು, ಗಂಡನದಾಗಲಿ ಅತ್ತೆಯದಾಗಲಿ ಬೇಕಿಲ್ಲ. ಅದೇ ರೀತಿ, ಮಗು ಬೇಕು ಎನ್ನುವವಳನ್ನು ಬೇಡವೆನ್ನಿಸುವ ಹಕ್ಕೂ ಯಾರಿಗೂ ಇಲ್ಲ. ಎರಡು ದಾರಿಯಲ್ಲಿ ಯಾವುದನ್ನು ಹಿಡಿದರೂ ಪೂರ್ತಿ ವಿಷಯ ತಿಳಿದು ಹಿಡಿಯುವಂತಾಗಲಿ. ಅದಕ್ಕೇ ಐದನೇ ತಿಂಗಳಿನ ಸ್ಕ್ಯಾನಿಂಗನ್ನು ಏಳಕ್ಕೆ ಮುಂದೂಡಬೇಡಿ ಎನ್ನುವುದು.

ಕುಬುಸಕ್ಕೆ ಮೊದಲೇ ಮಾತು ಮುಗಿಸಿ

ನಮ್ಮ ಕಡೆ ಕುಬುಸ ಮಾಡಿ ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವುದು ರೂಢಿ. ತವರು ಚಿಂಚೋಳಿಯ ಒಳಗಿನ ಹಳ್ಳಿಯಾದರೆ? ರೈಲಿಲ್ಲ, ರಾತ್ರಿ ಬಸ್ಸಿಲ್ಲ. ಸೇಡಂನಿಂದ ಕಲಬುರಗಿಯೇ ಸುಮಾರು 55 ಕಿಲೋಮೀಟರ್. ಉಸಿರಿಲ್ಲದೆ ನೀಲಿಗಟ್ಟುತ್ತಿರುವ ಹಸುಗೂಸನ್ನು ಅಷ್ಟು ದೂರ ಒಯ್ಯುವುದು ಬಹಳ ಕಷ್ಟ. ತಾಯಿಯ ಹೊಟ್ಟೆಯೊಳಗೇ ಒಯ್ಯುವುದು ಸುಲಭ. ಆದ್ದರಿಂದ ಕುಬುಸದ ಸೀರೆ ಆರಿಸುವ ಮೊದಲೇ ಎರಡೂ ಮನೆಯವರು ಕೂತು ಮಾತಾಡಿ. ಕಲಬುರಗಿಯ ದೊಡ್ಡ ಆಸ್ಪತ್ರೆಗಳಲ್ಲಿ ಆ ಹೊತ್ತಿಗೆ ಏನೇನು ಸೌಕರ್ಯ ಇದೆ ಎಂದು ಡಾಕ್ಟರಿಂದಲೇ ವಿಚಾರಿಸಿ. ವಾಡಿ, ಚಿತ್ತಾಪುರ, ಸೇಡಂನವರಿಗೆ ತಾಂಡೂರು, ವಿಕಾರಾಬಾದ್ ಮೇಲೆ ಹೋಗುವ ಹೈದರಾಬಾದಿನ ರೈಲು ಕೈಗೆಟುಕುವಂತಿದೆ. ಅಲ್ಲಿ ನಿಲೋಫರ್ ಸರ್ಕಾರಿ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. ದಿನ ತುಂಬುವ ಎರಡು ಮೂರು ವಾರ ಮುಂಚೆಯೇ ಆ ಊರಿನಲ್ಲಿ ಬಂಧುಗಳ ಮನೆ ಹುಡುಕಿಟ್ಟುಕೊಂಡರೆ ಒಳ್ಳೆಯದು. ಈ ಒಂದೇ ಕಾರಣಕ್ಕೆ ಸಿಸೇರಿಯನ್ ಆಗಲೇಬೇಕೆಂದಿಲ್ಲ.

ಹುಟ್ಟಿದ ಕೂಡಲೇ ಆಪರೇಷನ್ ಮಾಡಲಿಲ್ಲವೆಂದು ಗಾಬರಿಯಾಗಬೇಡಿ. ಹಿಂದೆ ಹುಟ್ಟಿದ ತಕ್ಷಣ ಹೊಲಿಯುತ್ತಿದ್ದರು. ಮೊದಲು ಉಸಿರು, ರಕ್ತದೊತ್ತಡ ಹದಕ್ಕೆ ಬರಲಿ, ಆಮೇಲೆ ಹೊಲಿಗೆ ಎಂಬುದು ಈಗಿನ ಕ್ರಮ. ಅದಕ್ಕೆ ಕೆಲವು ದಿನ ಹಿಡಿಯಬಹುದು. ಎದೆಹಾಲನ್ನು ಹಿಂಡಿ ಕೊಡಲು ಆಸ್ಪತ್ರೆಯವರನ್ನು ಕೇಳಿ, ಮಗು ಕುಡಿಯುವ ಹೊತ್ತಿಗೆ ಹಾಲು ಬತ್ತಿಹೋಗಬಾರದು.

ಖರ್ಚಿನ ಮಾತು. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಇದು 2016ರಲ್ಲಿ ಶುರುವಾದದ್ದು. 2011ರ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಕಾಯಿಲೆಯ ನವಜಾತ ಶಿಶುವಿನ ಚಿಕಿತ್ಸೆ, ಸಾಗಿಸುವ ವಾಹನ ಎಲ್ಲಕ್ಕೂ ಹಣ ಕೊಡಬೇಕಿಲ್ಲ. ತಾಯಿ ಕಾರ್ಡು, ರೇಷನ್ ಕಾರ್ಡು, ಸ್ಕ್ಯಾನಿಂಗಿನ ಎಲ್ಲ ಕಾಗದಗಳನ್ನು ಒಂದೇ ಚೀಲದಲ್ಲಿಡಿ. ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಿಡಿ. 108ಕ್ಕೆ ಫೋನು ಮಾಡುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ಸ್ಕ್ಯಾನಿಂಗಿನಲ್ಲಿ "ಎಲ್ಲ ಸರಿ" ಎಂದು ಬಂದವರಿಗೂ

ಕಾಗದದಲ್ಲಿ ಸರಿಯಿದ್ದರೂ ಹುಟ್ಟಿದ ಮಗುವನ್ನು ಕಣ್ಣಿಟ್ಟು ನೋಡಿ. ಉಸಿರು ಏದುಸಿರಾಗಿದೆ, ತುಟಿ ನೀಲಿಯಾಗಿದೆ, ಎದೆ ಉಬ್ಬಿ ಹೊಟ್ಟೆ ಒಳಗೆ ಹೋಗಿ ದೋಣಿಯಂತೆ ಕಾಣುತ್ತದೆ, ಹೃದಯದ ಬಡಿತ ಬಲಗಡೆ ಜೋರಾಗಿ ಕೇಳುತ್ತದೆ ಎಂದರೆ ತಡಮಾಡದೆ ವೈದ್ಯರಿಗೆ ಹೇಳಿ. "ಸ್ಕ್ಯಾನಿಂಗಿನಲ್ಲಿ ಏನೂ ಇರಲಿಲ್ಲ" ಎಂದು ಸುಮ್ಮನೆ ಕೂರಬೇಡಿ. ಜೇನು, ಸಕ್ಕರೆ ನೀರು ಬಾಯಿಗೆ ಹಾಕಬೇಡಿ. ಮೊದಲೇ ಹರ್ನಿಯಾ ಗೊತ್ತಿದ್ದರೆ ಹೆರಿಗೆ ಕೋಣೆಗೆ ಕಾಲಿಡುವಾಗಲೇ ಅಲ್ಲಿರುವ ನರ್ಸಿಗೆ ಜೋರಾಗಿ ಹೇಳಿ. ಇಂಥ ಮಗುವಿಗೆ ಮುಖವಾಡದ ಚೀಲದಿಂದ ಗಾಳಿ ಒತ್ತಿದರೆ ಅದು ಜಠರಕ್ಕೆ ಹೋಗಿ ಶ್ವಾಸಕೋಶವನ್ನು ಇನ್ನಷ್ಟು ಅದುಮುತ್ತದೆ. ಗಂಟಲಿಗೆ ನಳಿಕೆ ಹಾಕಿ ಉಸಿರು ಕೊಡಬೇಕು, ಜಠರದ ಗಾಳಿಯನ್ನು ಇನ್ನೊಂದು ನಳಿಕೆಯಿಂದ ತೆಗೆಯಬೇಕು. ತಿಳಿದವರು ಮಾಡುವ ಕೆಲಸ ಅದು, ಆದರೆ ಅವರಿಗೆ ಮುಂಚೆ ತಿಳಿಸುವವರು ನೀವೇ.

ಮನೆಯ ಹಿರಿಯರಿಗೂ ಒಂದು ಮಾತು. ಇಂಥ ಸುದ್ದಿ ಬಂದ ದಿನದಿಂದ ಆ ಹುಡುಗಿಗೆ ನಿದ್ದೆ ಇರುವುದಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವಳೊಬ್ಬಳನ್ನೇ ಕಳಿಸಬೇಡಿ. ಗಂಡ ಜೊತೆಗಿರಲಿ, ಆಗದಿದ್ದರೆ ನೀವೇ ಹೋಗಿ. ಒಬ್ಬರು ಕೇಳಿಸಿಕೊಳ್ಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಹೊರಡುವ ಮುನ್ನ ಅವಳಿಗೆ ಎರಡು ಬಿಸಿ ರೊಟ್ಟಿ ತಿನ್ನಿಸಿ ಕರೆದುಕೊಂಡು ಹೋಗಿ.